ಹೊಸತೊಡಕಿನ ಮಾರನೆಯ ದಿನದ ಡಬ್ಬಿ

ಬೇರೆಯವರ ಹೊಟ್ಟೆಗೆ ರಬ್ಬರ್ ನಳಿಗೆ ಇಳಿಸುವ ಮೊದಲು ಅದನ್ನು ನಾನೇ ಒಮ್ಮೆ ನುಂಗಬೇಕು ಎಂದು ದೊಡ್ಡ ಡಾಕ್ಟರು ಹೇಳಿದರು. ನಾನು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿ ಆಗ ಮೂರು ವಾರವಾಗಿತ್ತು. ಖಾಲಿ ಹೊಟ್ಟೆಯಲ್ಲಿ ಬೆಂಚಿನ ಮೇಲೆ ಕೂತೆ. ನಳಿಗೆ ಮೂಗಿನಿಂದ ಗಂಟಲಿಗೆ ಇಳಿಯುವಾಗ ಕಣ್ಣಲ್ಲಿ ನೀರು ಬಂತು, ವಾಕರಿಕೆ ಬಂತು, ಎರಡು ಸಲ ಕಿತ್ತುಹಾಕಿದೆ. ಮೂರನೆಯ ಸಲ ಇಳಿಯಿತು. "ಈಗ ಗೊತ್ತಾಯ್ತಲ್ಲ, ಇನ್ನು ಯಾರನ್ನೂ ಗದರಬೇಡ" ಎಂದರು. ಮೂವತ್ತು ವರ್ಷಕ್ಕೂ ಮೇಲ್ಪಟ್ಟ ನೌಕರಿಯಲ್ಲಿ ನಳಿಗೆ ನುಂಗಲಾರದವರನ್ನು ನಾನು ಒಮ್ಮೆಯೂ ಗದರಲಿಲ್ಲ. ಇದೊಂದನ್ನು ಧೈರ್ಯವಾಗಿ ಬರೆಯಬಲ್ಲೆ. ಇನ್ನೊಂದು ಸಂಗತಿ ಇದೆ. ಅದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ನಮ್ಮ ಬೀದಿಯ ಹುಡುಗಿಯೊಬ್ಬಳು ಲ್ಯಾಬ್ ತರಬೇತಿಗೆ ಸೇರಿದ್ದಾಳೆ. ಹಳೆಯ ಕಾಲದಲ್ಲಿ ಹೇಗೆ ಮಾಡುತ್ತಿದ್ದಿರಿ ತಾತ, ಬರೆದುಕೊಡಿ ಎಂದು ಕೇಳಿದಳು. ನಾನು ಓದಿದ್ದು ಏಳನೆಯ ಕ್ಲಾಸು. ಬರೆದು ಅಭ್ಯಾಸವಿಲ್ಲ. ಆದರೂ ಈ ಕೆಲಸಕ್ಕೆ ಬರುವವರಿಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ನಮ್ಮದು ಶಿಡ್ಲಘಟ್ಟದ ಆಚೆ, ಚಿಂತಾಮಣಿ ರಸ್ತೆಯ ಬದಿಯ ಹಳ್ಳಿ. ನನಗೆ ನಾಲ್ಕು ವರ್ಷವಿದ್ದಾಗ ತಾಯಿ ತೀರಿಕೊಂಡಳು. ಅಕ್ಕ ಪಾಪಮ್ಮನಿಗೆ ಆಗ ಹನ್ನೊಂದು. ಅಂದಿನಿಂದ ಒಲೆ ಅವಳದು, ದನ ಅವಳದು, ನಾನೂ ಅವಳ ಪಾಲಿಗೇ. ಅಪ್ಪ ನನ್ನನ್ನು ದನಕ್ಕೆ ಹಾಕಬೇಕೆಂದಾಗ ಅಡ್ಡ ನಿಂತು, ದನ ನಾನು ಕಾಯ್ತೀನಿ, ಅವನು ಇಸ್ಕೂಲಿಗೆ ಹೋಗಲಿ ಎಂದವಳು ಅವಳೇ. ಆಮೇಲೆ ಅವಳನ್ನು ಹತ್ತಿರದ ಇನ್ನೊಂದು ಹಳ್ಳಿಗೆ ಕೊಟ್ಟರು. ಭಾವ ನಾರಾಯಣಪ್ಪನವರದು ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಮನೆ. ಒಬ್ಬಳೇ ಮಗಳು, ಸರೋಜ.

ನಾನು ಆಸ್ಪತ್ರೆಗೆ ಸೇರಿದ್ದು ನಯಾಪೈಸೆ ಬರುವ ಮೊದಲು, ಅಟೆಂಡರಾಗಿ. ಕಸ ಗುಡಿಸಿ ಸೀಸೆ ತೊಳೆಯುವ ಕೆಲಸ. ದೊಡ್ಡ ಡಾಕ್ಟರು ಮೈಸೂರಿನ ಕಡೆಯವರು, ಬ್ರಾಹ್ಮಣರು, ಮಾತು ಕಡಿಮೆ, ಕೋಪ ಜಾಸ್ತಿ. ಅವರ ತಲೆಯಲ್ಲಿ ಒಂದು ಪ್ರಶ್ನೆ ಕೂತಿತ್ತು. ಈ ಸೀಮೆಯಲ್ಲಿ ರಾಗಿ ಉಣ್ಣುವವರ ಹೊಟ್ಟೆಗೂ ಅಕ್ಕಿ ಉಣ್ಣುವವರ ಹೊಟ್ಟೆಗೂ ವ್ಯತ್ಯಾಸವಿದೆಯೇ? ಹುಣ್ಣು ಯಾರಿಗೆ ಹೆಚ್ಚು, ಯಾಕೆ? ಇದಕ್ಕಾಗಿ ಅವರು ಹೊರರೋಗಿಗಳನ್ನು ನೋಡಿ ಮುಗಿಸಿದ ಮೇಲೆ ತಮ್ಮ ಊಟದ ಹೊತ್ತನ್ನು ಲ್ಯಾಬಿನಲ್ಲಿ ಕಳೆಯುತ್ತಿದ್ದರು. ಯಾರೂ ಹೇಳಿ ಮಾಡಿಸಿದ್ದಲ್ಲ. ಸಹಾಯಕ್ಕೆ ಬೇರೆ ಜನವಿರಲಿಲ್ಲವಾದ್ದರಿಂದ ಸೀಸೆ ತೊಳೆಯುತ್ತಿದ್ದ ನಾನು ಅವರ ಕೈಯಾಳಾದೆ.

ಆಗ ಬರುತ್ತಿದ್ದ ರೋಗಿಗಳನ್ನು ಈಗಿನವರು ನೋಡಿರಲಾರರು. ಹೊಟ್ಟೆನೋವಿನವರು ಬಿಲ್ಲಿನ ಹಾಗೆ ಬಗ್ಗಿಕೊಂಡು ಬರುತ್ತಿದ್ದರು. ಅಂಗಿ ಎತ್ತಿದರೆ ಹೊಕ್ಕುಳ ಸುತ್ತ ಬರೆ ಹಾಕಿಸಿಕೊಂಡ ಗುರುತು ಇರುತ್ತಿತ್ತು. ವರ್ಷಗಟ್ಟಲೆ ಅಡಿಗೆ ಸೋಡಾ ನುಂಗಿ, ಇನ್ನು ಅದೂ ಕೇಳುವುದಿಲ್ಲ ಎಂದಾದ ಮೇಲೆ ಆಸ್ಪತ್ರೆ. ಹೊಟ್ಟೆಯೊಳಗೆ ಕಣ್ಣಿಟ್ಟು ನೋಡುವ ಯಂತ್ರ ಇರಲಿಲ್ಲ. ಸುಣ್ಣದಂಥ ಹಿಟ್ಟು ಕುಡಿಸಿ ಎಕ್ಸ್‌ರೇ ತೆಗೆಯಲು ಬೆಂಗಳೂರಿಗೆ ಕಳಿಸಬೇಕು. ನಮ್ಮಲ್ಲಿದ್ದದ್ದು ನಳಿಗೆ, ಗಂಜಿ, ಬಣ್ಣದ ಹನಿ.

ಪುಸ್ತಕದಲ್ಲಿ ಓಟ್ಸ್ ಎಂಬ ಧಾನ್ಯದ ಗಂಜಿ ಕೊಡಬೇಕೆಂದು ಇತ್ತಂತೆ. ಚಿಕ್ಕಬಳ್ಳಾಪುರದಲ್ಲಿ ಅದನ್ನು ಎಲ್ಲಿ ತರುವುದು? ಡಾಕ್ಟರು ರಾಗಿ ಅಂಬಲಿ ಕಾಯಿಸಲು ಹೇಳಿದರು. ಅದನ್ನು ತೆಳ್ಳಗೆ ಕಾಯಿಸಿ ಬಟ್ಟೆಯಲ್ಲಿ ಸೋಸುವುದು ನನ್ನ ಕೆಲಸ. ರೋಗಿ ರಾತ್ರಿಯಿಂದ ಉಪವಾಸವಿದ್ದು ಬರಬೇಕು. ಮೊದಲು ಖಾಲಿ ಹೊಟ್ಟೆಯ ರಸ ಎಳೆದು ಇಟ್ಟುಕೊಳ್ಳುವುದು, ಆಮೇಲೆ ಅಂಬಲಿ ಕುಡಿಸಿ ಕಾಲು ಗಂಟೆಗೊಂದು ಸಲ ನಳಿಗೆಯಿಂದ ರಸ ಎಳೆದು ಗಾಜಿನ ಟ್ಯೂಬುಗಳಲ್ಲಿ ಸಾಲಾಗಿ ಇಡುವುದು. ಪ್ರತಿ ಟ್ಯೂಬಿಗೂ ಒಂದು ಹಳದಿ ಹನಿ ಹಾಕಬೇಕು. ಕೆಂಪಾದರೆ ಹೊಟ್ಟೆಯಲ್ಲಿ ಆಮ್ಲವಿದೆ. ಹಳದಿಯಾಗಿಯೇ ಉಳಿದರೆ ಇಲ್ಲ; ಆಗ ಹುಣ್ಣಲ್ಲ, ಗಡ್ಡೆಯಿರಬಹುದೆಂದು ಅನುಮಾನ. ಎರಡೂವರೆ ಗಂಟೆ ಒಬ್ಬ ಮನುಷ್ಯನ ಎದುರು ಕೂತಿರಬೇಕು, ಅವನು ಮಾತಾಡಲಾರ, ಮೂಗಿನಲ್ಲಿ ನಳಿಗೆ. ಹಾಗಾಗಿ ನಾನೇ ಮಾತಾಡುತ್ತಿದ್ದೆ. ಮಳೆ ಬೆಳೆ, ಗೂಡಿನ ದರ, ಯಾರ ಮಗಳ ಮದುವೆ ಎಲ್ಲಿ ಎಂದು.

ಇನ್ನೊಂದು ಪರೀಕ್ಷೆ ಮಲದ್ದು. ಹೊಟ್ಟೆಯೊಳಗೆ ಎಲ್ಲೋ ಸ್ವಲ್ಪ ಸ್ವಲ್ಪ ರಕ್ತ ಜಿನುಗುತ್ತಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಮಲವನ್ನು ನೀರಿನಲ್ಲಿ ಕಲಸಿ, ಕುದಿಸಿ, ಆರಿದ ಮೇಲೆ ಒಂದು ಔಷಧಿಯನ್ನು ಹಾಕಿದರೆ, ರಕ್ತವಿದ್ದಲ್ಲಿ ನೀಲಿ ಬರುತ್ತದೆ. ಆ ಔಷಧಿ ಮುಟ್ಟುವವರಿಗೇ ಕೆಡುಕೆಂದು ಆಮೇಲೆ ಅದನ್ನು ನಿಲ್ಲಿಸಿದರು. ನಾವಂತೂ ಬರಿಗೈಯಲ್ಲೇ ಮಾಡಿದೆವು. ಕುದಿಸುವುದು ಏಕೆಂದರೆ ಹಸಿ ಸೊಪ್ಪು ತಿಂದಿದ್ದರೂ ನೀಲಿ ಬರುವುದುಂಟು, ಕುದಿಸಿದರೆ ಸೊಪ್ಪಿನ ಮೋಸ ಹೋಗುತ್ತದೆ. ಆದರೆ ಮಾಂಸ ತಿಂದಿದ್ದರೆ ಅದರ ರಕ್ತದ ಮೋಸ ಕುದಿಸಿದರೂ ಹೋಗುವುದಿಲ್ಲ. ಅದಕ್ಕೇ ಮೂರು ದಿನ ಮಾಂಸ ಮುಟ್ಟಬಾರದು, ಆಮೇಲೆ ಡಬ್ಬಿ ತರಬೇಕು. ಇದನ್ನು ನಾನು ಇಲ್ಲಿ ಇಷ್ಟು ಬಿಡಿಸಿ ಬರೆಯಲು ಕಾರಣವಿದೆ.

ಡಾಕ್ಟರ ವಿಚಾರಣೆಗೆ ಹಳ್ಳಿಗಳ ಡಬ್ಬಿಗಳೂ ಬೇಕಾಗಿದ್ದವು. ವಾರಕ್ಕೊಂದು ಸಲ ಹೋಗುತ್ತಿದ್ದೆವು. ತೊಂಡೇಬಾವಿಯ ಕಡೆ ಒಂದು ಮನೆಯಲ್ಲಿ ಐದು ಜನಕ್ಕೆ ಐದು ತಗಡಿನ ಡಬ್ಬಿ ಕೊಟ್ಟು, ಮಾರನೆಯ ದಿನ ಐದೂ ಇಸಿದುಕೊಂಡು ಬಂದೆ. ಮೈಕ್ರೋಸ್ಕೋಪಿನಲ್ಲಿ ಐದರಲ್ಲೂ ಒಂದೇ ಜಾತಿಯ ಹುಳದ ಮೊಟ್ಟೆ, ಒಂದೇ ಲೆಕ್ಕದಲ್ಲಿ. ಡಾಕ್ಟರಿಗೆ ಅನುಮಾನ ಬಂದು ತಿರುಗಿ ಹೋದೆವು. ಮನೆಯ ಅಜ್ಜಿ ಮುಚ್ಚಿಡದೆ ಹೇಳಿದಳು. ಸೊಸೆಯಂದಿರಿಗೆ ನಾಚಿಕೆ, ಗಂಡಸರಿಗೆ ಪುರುಸೊತ್ತಿಲ್ಲ, ಮೊಮ್ಮಗನೊಬ್ಬನದನ್ನೇ ಐದಕ್ಕೂ ಹಂಚಿದ್ದಾಳೆ.

"ಒಂದೇ ಮನೆ, ಒಂದೇ ಮಡಕೆ ಊಟ. ಯಾರ್ದಾದ್ರೇನು ಸಾಮಿ?" ಎಂದಳು.

ಡಾಕ್ಟರು ನಕ್ಕಿದ್ದನ್ನು ನಾನು ಮೊದಲು ನೋಡಿದ್ದು ಅಲ್ಲೇ. ದಾರಿಯಲ್ಲಿ ಮಾತ್ರ, ನೀನು ಡಬ್ಬಿ ಕೊಟ್ಟು ಬಂದೆ, ಒಬ್ಬೊಬ್ಬರನ್ನೂ ಕರೆದು ಮಾತಾಡಿಸಲಿಲ್ಲ ಎಂದು ನನ್ನನ್ನು ಬೈದರು.

ವಿದುರಾಶ್ವತ್ಥದ ಕಡೆಯಿಂದ ಒಬ್ಬ ಗಾರೆಯವನನ್ನು ಮಂಚದ ಮೇಲೆ ಹೊತ್ತು ತಂದಿದ್ದರು. ಜ್ವರ, ಬಲಗಡೆ ಪಕ್ಕೆಯಲ್ಲಿ ಊತ. ಬೇರೆ ಕಡೆ ಹೊಟ್ಟೆಹುಣ್ಣೆಂದು ಎರಡು ತಿಂಗಳು ಹಾಲು, ಪುಡಿ ಕೊಟ್ಟಿದ್ದರಂತೆ. ಅವನ ಮಲದಲ್ಲಿ ಆಮಶಂಕೆಯ ಜೀವಿ ತೆವಳುವುದನ್ನು ಮೊದಲು ಕಂಡವನು ನಾನು. ಡಾಕ್ಟರು ಬಂದು ಕಣ್ಣಿಟ್ಟು ನೋಡಿ ದಪ್ಪ ಸೂಜಿ ತರಿಸಿದರು. ಪಕ್ಕೆಗೆ ಚುಚ್ಚಿ ಎಳೆದಾಗ ಹುಣಸೆ ಗೊಜ್ಜಿನ ಬಣ್ಣದ ಕೀವು ಒಂದು ಬೋಗುಣಿಯಷ್ಟು ಬಂತು. ಪಿತ್ತಜನಕಾಂಗದಲ್ಲಿ ಕೀವು ತುಂಬಿತ್ತು. ಮೂರು ವಾರದಲ್ಲಿ ಆತ ನಡೆದು ಮನೆಗೆ ಹೋದ. ಆವತ್ತಿನಿಂದ ಲ್ಯಾಬಿನ ರಿಜಿಸ್ಟರಿನಲ್ಲಿ ನನ್ನ ಕೈಯಲ್ಲೇ ಬರೆಯಲು ಬಿಟ್ಟರು. ಈ ಸುದ್ದಿ ಅಕ್ಕನ ಊರಿಗೂ ಮುಟ್ಟಿತು. ಅಲ್ಲಿ ಗೆಳೆಯರು ತಮಾಷೆಗೆ "ಬಂದ್ರಪ್ಪಾ ಡಾಕ್ಟ್ರು, ಜಾಗ ಬಿಡ್ರೋ" ಎನ್ನುತ್ತಿದ್ದರು. ಅಕ್ಕ ಮಾತ್ರ ತಮಾಷೆಗೆ ಹೇಳುತ್ತಿರಲಿಲ್ಲ.

ಅದೇ ವರ್ಷವೋ ಮರುವರ್ಷವೋ, ಯುಗಾದಿಯಾದ ಎರಡನೆಯ ದಿನ ಬಂದ ಡಬ್ಬಿಗಳಲ್ಲಿ ಅರ್ಧಕ್ಕರ್ಧ ನೀಲಿ ಬಂದವು. ಗಟ್ಟಿಮುಟ್ಟಾದವರದ್ದೂ ನೀಲಿ. ಡಾಕ್ಟರಿಗೆ ದಿಗಿಲಾಯಿತು. ಔಷಧಿ ಕೆಟ್ಟಿದೆಯೆಂದರು, ನಾನು ಟ್ಯೂಬು ತೊಳೆದಿಲ್ಲವೆಂದರು, ಎಲ್ಲವನ್ನೂ ಮತ್ತೆ ಕುದಿಸಿ ಮಾಡಿಸಿದರು. ನಾನು ಹೆದರುತ್ತ ಹೇಳಿದೆ: "ಸಾರ್, ನಿನ್ನೆ ಹೊಸತೊಡಕು." ಅವರಿಗೆ ಅರ್ಥವಾಗಲಿಲ್ಲ. ಯುಗಾದಿಯ ಮಾರನೆಯ ದಿನ ನಮ್ಮ ಜನದಲ್ಲಿ ಬಡವನ ಮನೆಯಲ್ಲೂ ಬಾಡು ಬೇಯುತ್ತದೆ, ವರ್ಷವೆಲ್ಲ ತಿನ್ನದವನೂ ಅವತ್ತು ತಿನ್ನುತ್ತಾನೆ ಎಂದು ವಿವರಿಸಿದೆ. ಮೂರು ದಿನದ ಪಥ್ಯ ಹೇಳಿದ್ದೆವು, ಯಾರು ಕೇಳುತ್ತಾರೆ? ಡಾಕ್ಟರು ಹಣೆ ಚಚ್ಚಿಕೊಂಡರು. "ಇದು ಯಾವ ಪುಸ್ತಕದಲ್ಲೂ ಇಲ್ಲ ಕಣಯ್ಯ ಮುನಿಶಾಮಿ" ಎಂದರು. ಅವತ್ತಿನ ರಿಜಿಸ್ಟರ್ ಹಾಳೆಗೆ ಅಡ್ಡಗೀಟು ಎಳೆದು, ಇನ್ನು ಮುಂದೆ ಯುಗಾದಿಯಾಗಿ ಐದು ದಿನ ಯಾರ ಡಬ್ಬಿಯನ್ನೂ ತೆಗೆದುಕೊಳ್ಳಕೂಡದು ಎಂದು ಕಟ್ಟು ಮಾಡಿದರು. ಔಷಧಿ ಬೆಂಗಳೂರಿನಿಂದ ಬರಬೇಕು, ವ್ಯರ್ಥವಾಗಬಾರದು.

ದೊಡ್ಡ ಡಾಕ್ಟರಿಗೆ ತಿಳಿಯದ್ದು ನನಗೆ ತಿಳಿದಿತ್ತು ಎಂಬ ಹೆಮ್ಮೆ ನನಗೆ ಎಷ್ಟಾಯಿತೆಂದರೆ, ಅದನ್ನು ಬಹಳ ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಮುಂದಿನ ಯುಗಾದಿಯ ಹೊಸತೊಡಕಿಗೆ ಅಕ್ಕನ ಮನೆಗೆ ಹೋದೆ. ಚಿಕ್ಕ ರೈಲಿನಲ್ಲಿ ಶಿಡ್ಲಘಟ್ಟಕ್ಕೆ ಹೋಗಿ ಅಲ್ಲಿಂದ ನಡಿಗೆ. ಹುಳು ನಾಲ್ಕನೆಯ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವುದು, ಮುಗಿಸಿ ಎದ್ದಿದ್ದವು. ಆಗ ಅವು ಹಗಲೂ ರಾತ್ರಿ ತಿನ್ನುತ್ತವೆ, ಮನೆ ತುಂಬ ಮಳೆ ಬಿದ್ದ ಹಾಗೆ ಸದ್ದು. ಅಕ್ಕ ಸೊಪ್ಪು ಹಾಕುತ್ತ, ನಡುವೆ ಅಡಿಗೆ ಮಾಡುತ್ತ ಓಡಾಡುತ್ತಿದ್ದಳು. ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿತ್ತು. ಭಾವನಿಗೂ ನನಗೂ ಬಡಿಸಿದಳು. ಸಾಕು ಎಂದರೂ ಸೌಟು ಬಿಡಲಿಲ್ಲ. "ತಿನ್ನಪ್ಪಾ, ಅಲ್ಲಿ ನಿನಗ್ಯಾರು ಮಾಡಿಕ್ತಾರೆ" ಎಂದಳು. ಸಂಜೆ ನಾನು ಹುಳುಮನೆಯಲ್ಲಿ ಸೊಪ್ಪು ಹರಡಲು ಕೈಜೋಡಿಸಿದಾಗ, ಭಾವ ಹೊರಗೆ ಹೋಗಿದ್ದು ನೋಡಿಕೊಂಡು ಮೆಲ್ಲಗೆ ಹೇಳಿದಳು.

"ಮುನ್ಯಾ, ಉಂಡಿದ್ದು ಇಳಿಯಲ್ಲ ಕಣೋ. ಎರಡು ತುತ್ತಿಗೇ ಹೊಟ್ಟೆ ಬಿಗಿದಂಗಾಗ್ತೈತೆ. ಆಮೇಲೆ ನೋವು."

ಎಷ್ಟು ದಿನದಿಂದ ಎಂದೆ. ಚಳಿಗಾಲದಿಂದ ಎಂದಳು. ಆಸ್ಪತ್ರೆಗೆ ಬಾ ಎಂದೆ. ಈಗ ಹುಳು ಬಿಟ್ಟು ಹೇಗೆ ಬರಲಿ, ಹಣ್ಣಾಗಿ ಗೂಡು ಕಟ್ಟೋಕೆ ಬಿದಿರಿನ ಚಂದ್ರಿಕೆಗೆ ಬಿಡೋವರೆಗೆ ಅಲ್ಲಾಡುವ ಹಾಗಿಲ್ಲ, ಎಂಥದೋ ಡಬ್ಬಿಯಲ್ಲಿ ನೋಡ್ತೀಯಂತಲ್ಲ, ಅದನ್ನೇ ನೋಡು ಎಂದಳು. ಐದು ದಿನದ ಕಟ್ಟು ನನಗೆ ನೆನಪಿತ್ತು. ನೆನಪಿದ್ದೂ, ಅಕ್ಕ ಕೇಳಿದಳಲ್ಲ ಎಂದು ಒಪ್ಪಿಕೊಂಡೆ. ಮಾರನೆಯ ದಿನ ಬೆಳಿಗ್ಗೆ ಡಬ್ಬಿಯನ್ನು ಎಲೆಯಲ್ಲಿ ಸುತ್ತಿ, ಅದರ ಮೇಲೆ ಬಟ್ಟೆ ಕಟ್ಟಿಕೊಟ್ಟಳು. ರೈಲಿನಲ್ಲಿ ಪಕ್ಕದವನು ಹೋಳಿಗೆಯೇನಪ್ಪಾ ಎಂದು ಕೇಳಿದ. ನಾನು ನಕ್ಕೆ.

ಸಂಜೆ ಡಾಕ್ಟರು ಮನೆಗೆ ಹೋದ ಮೇಲೆ ಪರೀಕ್ಷೆ ಮಾಡಿದೆ. ಕಲಸಿದೆ, ಕುದಿಸಿದೆ, ಆರಿಸಿದೆ, ಔಷಧಿ ಹಾಕಿದೆ. ನೀಲಿ ಬಂತು. ನಿಧಾನವಾಗಿ ಹಸಿರಾಗಿ ಆಮೇಲೆ ನೀಲಿಯಾಗುವ ನೀಲಿಯಲ್ಲ. ಹಾಕುತ್ತಿದ್ದ ಹಾಗೆಯೇ, ನೀಲಿ ಶಾಯಿಯಂತೆ.

ನಾನು ಅದನ್ನು ನೋಡಿ ಒಬ್ಬನೇ ನಕ್ಕೆ. ಹೊಸತೊಡಕು, ಅಂದುಕೊಂಡೆ.

ಆ ಹೊತ್ತಿನಲ್ಲಿ ಮಾಡಬೇಕಾಗಿದ್ದದ್ದು ಸುಲಭ. ಮೂರು ದಿನ ಬಾಡು ಬಿಟ್ಟು ಇನ್ನೊಂದು ಡಬ್ಬಿ ಕಳಿಸಕ್ಕ ಎಂದು ಒಂದು ಕಾರ್ಡು ಬರೆದರೆ ಮುಗಿಯುತ್ತಿತ್ತು. ಇಲ್ಲವೇ ಡಾಕ್ಟರಿಗೆ ಹೇಳಬೇಕಿತ್ತು. ಹೇಳಿದರೆ, ಬೇಡವೆಂದ ದಿನ ಡಬ್ಬಿ ತಂದದ್ದೂ ಮನೆಯವರಿಗಾಗಿ ಔಷಧಿ ಬಳಸಿದ್ದೂ ಗೊತ್ತಾಗಿ, ರಿಜಿಸ್ಟರ್ ನನ್ನ ಕೈಯಿಂದ ಹೋಗುತ್ತಿತ್ತು. ಟ್ಯೂಬನ್ನು ತೊಟ್ಟಿಯಲ್ಲಿ ತೊಳೆದು ಬೋರಲು ಹಾಕಿದೆ. ರಿಜಿಸ್ಟರಿನಲ್ಲಿ ಬರೆಯಲಿಲ್ಲ.

ಹತ್ತು ದಿನದ ಮೇಲೆ ಅಕ್ಕ ಭಾವ ಶಿಡ್ಲಘಟ್ಟಕ್ಕೆ ಗೂಡು ತಂದಿದ್ದರು. ನಾನೂ ಅಲ್ಲಿಗೆ ಹೋಗಿ ಸಿಕ್ಕೆ. ಗೂಡಿನ ಮೂಟೆಯ ಪಕ್ಕ ಕೂತಿದ್ದ ಅಕ್ಕ ನನ್ನ ಮುಖವನ್ನೇ ನೋಡಿದಳು. "ಏನೂ ಇಲ್ಲ ಕಣಕ್ಕ" ಎಂದೆ. "ಬರೀ ಗ್ಯಾಸು. ಹುಣಸೆಹಣ್ಣು, ಖಾರ ಕಮ್ಮಿ ಮಾಡು." ಆಸ್ಪತ್ರೆಯಿಂದ ತಂದಿದ್ದ ಹೊಟ್ಟೆಯುರಿಯ ಬಿಳಿ ಪುಡಿಯ ಪೊಟ್ಟಣ ಕೈಗಿಟ್ಟೆ. ಅವಳ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಭಾವನ ಕಡೆ ತಿರುಗಿ, "ನಾನು ಹೇಳಲಿಲ್ವಾ, ನಮ್ಮ ಮುನ್ಯಾನೇ ನೋಡ್ತಾನೆ ಅಂತ" ಎಂದಳು.

ಆಮೇಲೆ ಊರಿನಲ್ಲಿ ಯಾರು ಆಸ್ಪತ್ರೆಗೆ ಹೋಗು ಎಂದರೂ ಅವಳ ಬಾಯಲ್ಲಿ ಒಂದೇ ಉತ್ತರ. ನಮ್ಮ ತಮ್ಮ ಪರೀಕ್ಷೆ ಮಾಡಿದ್ದಾನೆ, ಏನೂ ಇಲ್ಲ. ಪುಡಿ ತಿಂದಳು, ಇಳಿಯುತ್ತ ಹೋದಳು. ಮಳೆಗಾಲದಲ್ಲಿ ಭಾವ ಚಿಕ್ಕಬಳ್ಳಾಪುರಕ್ಕೆ ನನ್ನನ್ನು ಹುಡುಕಿಕೊಂಡು ಬಂದರು. ಆಸ್ಪತ್ರೆಯ ಬೇವಿನ ಮರದ ಕೆಳಗೆ ಕೂತರು.

"ನೀನೇ ಹೇಳಪ್ಪಾ" ಎಂದರು. "ಆಸ್ಪತ್ರೇಲಿ ನೋಡಿ ಏನೂ ಇಲ್ಲ ಅಂದ್ಮೇಲೆ ಇದು ಮದ್ದೇ ಅಲ್ವಾ?"

ನಮ್ಮ ಸೀಮೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಗದವರು ಊಟದಲ್ಲಿ ಮದ್ದು ಬೆರೆಸಿ ಹಾಕುತ್ತಾರೆ, ಅದು ಹೊಟ್ಟೆಯಲ್ಲಿ ಅಂಟಿ ಕೂತು ಮನುಷ್ಯನನ್ನು ಒಣಗಿಸುತ್ತದೆ ಎಂದು ನಂಬಿಕೆ. ಅದನ್ನು ಕಕ್ಕಿಸುವವರು ಚಿಂತಾಮಣಿಯ ಆಚೆ ಇದ್ದರು. ಭಾವನ ಅನುಮಾನ ಅವರ ತಮ್ಮನ ಹೆಂಡತಿಯ ಮೇಲೆ. ಇನ್ನೊಂದು ಸಲ ನೋಡೋಣ ಭಾವ, ಕರಕೊಂಡು ಬನ್ನಿ ಎಂದೆ. ಅವರು ನನ್ನನ್ನು ದಿಟ್ಟಿಸಿ, "ನೋಡಿದ್ದಾಯ್ತಲ್ಲಪ್ಪಾ. ನೀನು ಆವಾಗ ಸರಿಯಾಗಿ ನೋಡಿಲ್ವಾ?" ಎಂದರು. ನೋಡಿದ್ದೇನೆ ಎಂದೆ. ಅಂದದ್ದು ನಾನೇ, ಈ ಬಾಯಲ್ಲೇ. ಅವರು ಎದ್ದು ಹೋದರು.

ಚಿಂತಾಮಣಿಯ ಆಚೆಯವನು ಅಕ್ಕನಿಗೆ ಎಂಥದೋ ಬೇರು ಅರೆದು ಕುಡಿಸಿದನಂತೆ. ಅವಳು ಕಕ್ಕಿದ್ದರಲ್ಲಿ ಕಾಫಿ ಪುಡಿಯಂಥ ಕಪ್ಪು ಬಂತಂತೆ. "ಇದಿಗೋ ಮಂದು, ಬೈಟಿಕಿ ವಚ್ಚಿಂದಿ" ಎಂದು ಅವನು ತೆಲುಗಿನಲ್ಲಿ ಕೂಗಿ ಎಲ್ಲರಿಗೂ ತೋರಿಸಿದನಂತೆ. ಇಗೋ ಮದ್ದು, ಹೊರಗೆ ಬಂತು ಎಂದು. ಅದು ರಕ್ತ. ಹೊಟ್ಟೆಯಲ್ಲಿ ಹಳತಾದ ರಕ್ತ ಹಾಗೆಯೇ ಬರುತ್ತದೆ. ನಾನು ನೂರು ಸಲ ನಳಿಗೆಯಲ್ಲಿ ನೋಡಿದ್ದೆ. ಆದರೆ ಅಲ್ಲಿದ್ದವರಿಗೆ ಅದು ಸಾಕ್ಷಿಯಾಯಿತು. ಭಾವನ ತಮ್ಮನ ಹೆಂಡತಿಯನ್ನು ಮನೆಯಿಂದ ಹೊರಗೆ ಹಾಕಿದರು. ಆಕೆ ತವರಿನಲ್ಲೇ ಉಳಿದಳು, ಎರಡು ಸಂಸಾರ ಒಡೆಯಿತು. ಆಕೆ ಏನೂ ಮಾಡಿರಲಿಲ್ಲ ಎಂದು ತಿಳಿದಿದ್ದವನು ಆ ಊರಿಗೆಲ್ಲ ನಾನೊಬ್ಬನೇ. ನಾನು ಅಲ್ಲಿಗೆ ಹೋಗುವುದನ್ನು ಕಡಿಮೆ ಮಾಡಿದೆ.

ದೀಪಾವಳಿಗೆ ಮುಂಚೆ ಅಕ್ಕನನ್ನು ಗಾಡಿಯಲ್ಲಿ ಮಲಗಿಸಿಕೊಂಡು ತಂದರು. ಜೊತೆಗೆ ಹನ್ನೆರಡು ವರ್ಷದ ಸರೋಜ. ದೊಡ್ಡ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಕತ್ತಿನ ಎಡಗಡೆ ಗಂಟಿದೆಯೇ ಎಂದು ಬೆರಳಾಡಿಸಿ, ನನ್ನ ಕಡೆ ನೋಡದೆ ನಳಿಗೆ ಹಾಕು ಎಂದರು. ಅಕ್ಕನಿಗೆ ನಾನೇ ನಳಿಗೆ ಇಳಿಸಿದೆ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಒಂದು ಸಲವೂ ಕಿತ್ತುಹಾಕಲಿಲ್ಲ, ನನಗೆ ತೊಂದರೆಯಾಗಬಾರದೆಂದು ನನ್ನ ಮಣಿಕಟ್ಟು ಹಿಡಿದುಕೊಂಡು ನುಂಗಿದಳು. ಅಂಬಲಿ ಇಳಿಯಲೇ ಇಲ್ಲ. ಎಳೆದ ರಸಕ್ಕೆಲ್ಲ ಹನಿ ಹಾಕಿದೆ. ಮೊದಲನೆಯ ಟ್ಯೂಬು ಹಳದಿ. ಎರಡನೆಯದು ಹಳದಿ. ಮೂರನೆಯದರಲ್ಲಿ ಕಪ್ಪು ಪುಡಿ, ಅದೂ ಹಳದಿ. ಎಲ್ಲ ಮುಗಿದರೂ ಒಂದರಲ್ಲೂ ಕೆಂಪು ಬರಲಿಲ್ಲ. ಎದುರು ಕೂತು ಮಾತಾಡುವುದು ನನ್ನ ರೂಢಿಯಾಗಿತ್ತಲ್ಲ, ಅವತ್ತು ಟ್ಯೂಬುಗಳನ್ನೇ ನೋಡುತ್ತ ಕೂತೆ. ಅವಳೇ ಕಣ್ಣಿನಲ್ಲಿ ಕೇಳುತ್ತಿದ್ದಳು, ಏನು ಎಂದು.

ಬೆಂಗಳೂರಿಗೆ ಕಳಿಸಿದರು. ಅಲ್ಲಿ ಹೊಟ್ಟೆ ತೆರೆದು ನೋಡಿ, ತೆರೆದ ಹಾಗೆಯೇ ಮುಚ್ಚಿದರು. ಜಠರದಲ್ಲಿ ಹುಟ್ಟಿದ ಗಡ್ಡೆ ಎಲ್ಲ ಕಡೆ ಹರಡಿತ್ತು. ಊರಿಗೆ ಕರೆತಂದ ಮೇಲೆ ಆರು ವಾರ ಇದ್ದಳು. ಕೊನೆಯ ಸಲ ನಾನು ಹೋದಾಗ, ಗೋಡೆಗೆ ಒರಗಿ, "ಆವಾಗ ಇರಲಿಲ್ಲ ಅಲ್ವಾ ಮುನ್ಯಾ, ಆಮೇಲೆ ಬಂದಿದ್ದು" ಎಂದಳು. ನನ್ನನ್ನು ಸಮಾಧಾನ ಮಾಡಲು ಹೇಳಿದಳೋ, ನಿಜವಾಗಿಯೂ ನಂಬಿದ್ದಳೋ ಗೊತ್ತಿಲ್ಲ. ಹೌದಕ್ಕ ಎಂದೆ.

ಹನ್ನೊಂದನೆಯ ದಿನ ಕಳೆದು ಕೆಲಸಕ್ಕೆ ಹೋದವನು ಡಾಕ್ಟರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ತೆಗೆಯಲಿ ಎಂದೇ ಹೇಳಿದ್ದು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡು ಮುನಿಶಾಮಿ, ಆ ನೀಲಿ ಮಾಂಸದ್ದೂ ಆಗಿರಬಹುದು. ಹೊಸತೊಡಕಿನ ಮಾರನೇ ದಿನ. ಯಾರು ಹೇಳಕ್ಕಾಗುತ್ತೆ? ಯುಗಾದೀಲಿ ಗೊತ್ತಾಗಿದ್ರೂ ಉಳೀತಿದ್ದಳು ಅಂತ ನಾನು ಹೇಳಲಾರೆ" ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, "ಉಳೀತಿರಲಿಲ್ಲ ಅಂತಾನೂ ಹೇಳಲಾರೆ" ಎಂದರು.

ರಿಜಿಸ್ಟರನ್ನು ನನ್ನ ಕೈಯಿಂದ ಕಿತ್ತುಕೊಳ್ಳಲಿಲ್ಲ. ಅದು ದೊಡ್ಡ ಶಿಕ್ಷೆಯಾಯಿತು. ಮುಂದಿನ ವಾರದಿಂದ ಡಬ್ಬಿಯ ಜೊತೆ ಒಂದು ಚೀಟಿ ಕಡ್ಡಾಯ ಮಾಡಿದರು. ಮೂರು ದಿನ ಏನೇನು ತಿಂದಿರಿ ಎಂದು ರೋಗಿಯನ್ನೇ ಕೇಳಿ ಬರೆಯಬೇಕು, ಮನೆಯ ಯಜಮಾನನನ್ನಲ್ಲ. ನೀಲಿ ಬಂದದ್ದು ಯಾವ ಕಾರಣಕ್ಕಾದರೂ ಇರಲಿ, ನೀಲಿ ಎಂದೇ ಬರೆಯಬೇಕು, ಪಥ್ಯ ಮಾಡಿಸಿ ಮತ್ತೆ ನೋಡಬೇಕು. ಆ ಚೀಟಿಗಳನ್ನು ಕೇಳಿ ಕೇಳಿ ಬರೆದವನು ನಾನು. ಅವರ ರಾಗಿ ಅಕ್ಕಿಯ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಅವರಿಗೆ ವರ್ಗವಾಯಿತು. ಕಾಗದಗಳನ್ನು ಒಂದು ಟ್ರಂಕಿನಲ್ಲಿ ತುಂಬಿಸಿಕೊಂಡು ಹೋದರು. ಆಮೇಲೆ ಏನಾಯಿತೋ ತಿಳಿಯಲಿಲ್ಲ. ಅವರ ನಂತರ ಬಂದವರು ಒಳ್ಳೆಯವರೇ, ಆದರೆ ಲ್ಯಾಬಿಗೆ ಬರುತ್ತಿರಲಿಲ್ಲ. ಕಾಲ ಕಳೆದು ಎಕ್ಸ್‌ರೇ ನಮ್ಮಲ್ಲೇ ಬಂತು, ಕಣ್ಣಿಟ್ಟು ನೋಡುವ ಕೊಳವೆ ಬಂತು, ಅಂಬಲಿ ಕಾಯಿಸುವ ಪಾತ್ರೆ ಕ್ಯಾಂಟೀನಿಗೆ ಹೋಯಿತು.

ತರಬೇತಿಗೆ ಸೇರಿದ ಹುಡುಗಿಗೆ ನಾನು ಹೇಳುವುದು ಇಷ್ಟೇ. ಯಂತ್ರ ತಪ್ಪು ಹೇಳಿತು ಎಂದು ನಿನಗೆ ಅನ್ನಿಸಿದ ದಿನ ಸಂತೋಷಪಡಬೇಡ. ಕಾರಣ ನನಗೆ ಗೊತ್ತು ಎಂದು ಅನ್ನಿಸಿದಾಗ ಒಮ್ಮೆ ಹೋಗಿ ಕೇಳು.

ಡಾಕ್ಟರು ಹೇಳಿದ ಮೊದಲ ಮಾತನ್ನು ನಾನು ಇಷ್ಟು ವರ್ಷ ಹಿಡಿದುಕೊಂಡು ಬದುಕಿದೆ. ಆ ನೀಲಿ ಬಾಡಿನದೂ ಆಗಿರಬಹುದು. ಹಾಗಿದ್ದರೆ ನನ್ನದು ಅರ್ಧ ತಪ್ಪು. ಅಸಡ್ಡೆ ಮಾಡಿದೆ, ನಿಯಮ ಮುರಿದೆ, ಆದರೆ ಕಣ್ಣೆದುರು ಇದ್ದ ರೋಗವನ್ನು ತೊಳೆದು ಚೆಲ್ಲಲಿಲ್ಲ. ಇಲ್ಲಿಯವರೆಗೆ ಬರೆದು, ಬೇರೆಯವರು ಓದುವ ಮೊದಲು ಅಕ್ಕನ ಮಗಳಿಗೆ ತಿಳಿಯಬೇಕೆಂದು ಕಳೆದ ಭಾನುವಾರ ಸರೋಜಳ ಮನೆಗೆ ಹೋದೆ. ಅವಳಿಗೂ ಈಗ ತಲೆ ನೆರೆತಿದೆ. ಎದುರಿಗೆ ಕೂರಿಸಿಕೊಂಡು ಓದಿ ಹೇಳಿದೆ. ಅವಳು ಅಕ್ಕಿ ಆರಿಸುತ್ತ ಕೇಳಿದಳು. ನೀಲಿಯ ಮಾತು ಬಂದಾಗ ಅವಳ ಕೈ ನಿಂತಿತು.

"ಅಮ್ಮ ಆವತ್ತು ಬಾಡು ತಿನ್ನಲಿಲ್ವಲ್ಲ ಮಾವ" ಎಂದಳು.

ನಾನು ಓದುವುದನ್ನು ನಿಲ್ಲಿಸಿದೆ.

"ಸಂಕ್ರಾಂತಿಯಿಂದ್ಲೇ ಬಿಟ್ಟಿದ್ಲು. ಬೇಯೋ ವಾಸ್ನೆಗೇ ವಾಕರಿಸ್ಕೊಳ್ಳೋಳು. ಮೂಗಿಗೆ ಸೆರಗು ಕಟ್ಕೊಂಡು ಅಡಿಗೆ ಮಾಡಿದ್ದು. ನೀವು ಗಂಡಸರು ಉಂಡ್ಮೇಲೆ ನಾನೂ ಅವಳೂ ಹಿತ್ಲಲ್ಲಿ ಕೂತ್ಕೊಂಡ್ವಿ. ಮಜ್ಜಿಗೆ ಅನ್ನ ಕಲಸ್ಕೊಂಡು ಎರಡು ತುತ್ತು ತಿಂದು ಕೈ ತೊಳೆದ್ಳು. ಅವಳ ಪಾಲಿಂದೂ ನಿನಗೇ ಬಡಿಸಿದ್ಲು."

ಮಾಂಸ ಕಂಡರೆ ಹೇಸಿಕೆ ಹುಟ್ಟುವುದು ಆ ಕಾಯಿಲೆಯ ಮೊದಲ ಗುರುತುಗಳಲ್ಲಿ ಒಂದು. ಅದನ್ನು ದೊಡ್ಡ ಡಾಕ್ಟರು ನನಗೆ ಬಾಯಿಪಾಠ ಮಾಡಿಸಿದ್ದರು. ನಿಮಗೆಲ್ಲ ಗೊತ್ತಿತ್ತೇ, ನನಗೇಕೆ ಯಾರೂ ಹೇಳಲಿಲ್ಲ ಎಂದು ಕೇಳಿದೆ.

"ನೀನು ಕೇಳಲಿಲ್ವಲ್ಲ ಮಾವ" ಎಂದಳು. ಅವಳ ಮಾತಿನಲ್ಲಿ ದೂರಿರಲಿಲ್ಲ. ಅಕ್ಕಿಯ ಮೊರವನ್ನು ಎತ್ತಿಕೊಂಡು ಒಳಗೆ ಹೋದಳು.

ಅದನ್ನು ತಿಳಿಯಲು ಟ್ಯೂಬು ಬೇಕಾಗಿರಲಿಲ್ಲ, ಬೆಂಗಳೂರಿನ ಔಷಧಿ ಬೇಕಾಗಿರಲಿಲ್ಲ. ನೀನೂ ಉಣ್ಣಕ್ಕಾ ಎಂದು ಹೇಳಿ, ಅವಳು ತಟ್ಟೆ ಹಾಕಿಕೊಳ್ಳುವವರೆಗೆ ಅಲ್ಲೇ ಕೂತಿದ್ದರೆ ಸಾಕಾಗಿತ್ತು. ನಾನು ಕೈ ತೊಳೆದುಕೊಂಡು ಜಗುಲಿಗೆ ಹೋಗಿ ಮಲಗಿದ್ದೆ.